‘ದಟ್’ ದಾಟಿದ ಮೇಲೆ ‘ನಾನು’ ಯಾರು?

ಕನ್ನಡ ಮಾಧ್ಯಮ ಪ್ರೌಢಶಾಲೆಗಳ ಇಂಗ್ಲಿಷ್ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಪಿಯುಸಿ ದಾಟಿ ಡಿಗ್ರಿ ತರಗತಿಗೆ ಬಂದಾಗ ನಮ್ಮಂಥವರ ಕೈಗೆ ಸಿಗುತ್ತಾರೆ. ಅವರಿಗೆ ಇಂಗ್ಲಿಷ್ ಪದಗಳು ಸಾಕಷ್ಟು ಗೊತ್ತಿರುತ್ತವೆ. ಸಣ್ಣ ವಾಕ್ಯಗಳನ್ನು ತಪ್ಪಿಲ್ಲದೆ ಬರೆಯುತ್ತಾರೆ. ಒಂದು ವಾಕ್ಯದ ಹೊಟ್ಟೆಯೊಳಗೆ ಇನ್ನೊಂದನ್ನು ಇಡಬೇಕಾಗಿ ಬಂದಾಗ ಮಾತ್ರ ಕೈ ನಡುಗುತ್ತದೆ. ‘ರಾಮು ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ’ ಎಂದು ಒಬ್ಬಳು ಬರೆಯುತ್ತಾಳೆ; ಬರುವವನು ರಾಮು, ಅವಳಲ್ಲ. ‘ದ ಬಾಯ್ ಹೂ ಐ ಸಾ ಹಿಮ್ ಇನ್ ದ ಬಸ್’ ಎಂದು ಇನ್ನೊಬ್ಬ. ‘ದ ಹೌಸ್ ವಿಚ್ ಐ ಲಿವ್’ ಎಂದು ಮತ್ತೊಬ್ಬ. ಇಂಥವನ್ನು ನೀವೂ ಕೆಂಪು ಶಾಯಿಯಲ್ಲಿ ತಿದ್ದಿದ್ದೀರಿ, ನಾವೂ ತಿದ್ದುತ್ತೇವೆ. ತಿದ್ದಿದ್ದು ಮುಂದಿನ ನೋಟ್‌ಬುಕ್ಕಿನವರೆಗೂ ಉಳಿಯುವುದಿಲ್ಲ.

ಈ ಮೂರೂ ಬೇರೆ ಬೇರೆ ತಪ್ಪುಗಳಲ್ಲ ಎಂದು ನನಗೆ ದೃಢವಾಗಿ ಅನ್ನಿಸಿದೆ. ಇಂಗ್ಲಿಷಿನ ಅಧೀನ ವಾಕ್ಯ ಶುರುವಾಗುವ ಜಾಗದಲ್ಲಿ ಜೋಡಿಸುವ ಪದವೂ ಸರ್ವನಾಮವೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದನ್ನು ಹಾಕಿದರೆ ಇನ್ನೊಂದು ತನ್ನ ರೂಪ ಬದಲಿಸಬೇಕು, ಅಥವಾ ಜಾಗ ಬಿಟ್ಟು ಹೋಗಬೇಕು. ನಾವು ಕಲಿಸುವಾಗ ಮಾತ್ರ ಪ್ರೊನೌನ್ ಒಂದು ಪಾಠ, ಕಂಜಂಕ್ಷನ್ ಇನ್ನೊಂದು ಪಾಠ, ರಿಪೋರ್ಟೆಡ್ ಸ್ಪೀಚ್ ಮೂರನೆಯದು. ಮಗು ಮೂರನ್ನೂ ಬಾಯಿಪಾಠ ಮಾಡಿ ಮೂರು ಕಡೆ ಇಟ್ಟುಕೊಳ್ಳುತ್ತದೆ. ಅವು ಕೂಡುವ ಗಂಟನ್ನು ಯಾರೂ ತೋರಿಸಿರುವುದಿಲ್ಲ. ಆ ಗಂಟಿನಿಂದಲೇ ಕಲಿಸಲು ಶುರುಮಾಡಿ, ಅದನ್ನು ಮಗುವಿನ ಕನ್ನಡದಿಂದ ಶುರುಮಾಡಿ ಎಂದು ಕೇಳಿಕೊಳ್ಳಲು ಈ ಪತ್ರ.

ಮೊದಲು ರಾಮುವಿನ ವಾಕ್ಯವನ್ನೇ ನೋಡೋಣ. ‘ರಾಮು ನಾನು ನಾಳೆ ಬರುತ್ತೇನೆ ಎಂದು ಹೇಳಿದ.’ ಕನ್ನಡದಲ್ಲಿ ಇದು ಲಕ್ಷಣವಾದ ವಾಕ್ಯ. ನಮ್ಮ ‘ಎಂದು’ ಹುಟ್ಟಿದ್ದು ‘ಎನ್ನು’ ಧಾತುವಿನಿಂದ. ಅದು ಆಡಿದ ಮಾತನ್ನು ಆಡಿದ ಹಾಗೆಯೇ ಎತ್ತಿಕೊಂಡು ಬರುತ್ತದೆ. ರಾಮುವಿನ ‘ನಾನು’ ರಾಮುವಿನದಾಗಿಯೇ ಉಳಿಯುತ್ತದೆ, ‘ಬರುತ್ತೇನೆ’ಯ ಕಾಲವೂ ಹಾಗೆಯೇ. ಇಂಗ್ಲಿಷಿನ ‘ದಟ್’ ಹುಟ್ಟಿದ ಮನೆ ಬೇರೆ. ಅದು ಮೂಲತಃ ‘ಅದು’ ಎಂದು ಬೆರಳು ತೋರಿಸುವ ಸರ್ವನಾಮ. ‘ಅವನು ಅದನ್ನು ಹೇಳಿದ: ತಾನು ಬರುವ ವಿಷಯ’ ಎಂಬಂಥ ಎರಡು ಮಾತು ಕಾಲಕ್ರಮೇಣ ಒಂದಾಗಿ, ಬೆರಳು ತೋರಿಸುತ್ತಿದ್ದ ಪದವೇ ಜೋಡಿಸುವ ಪದವಾಯಿತು ಎಂಬುದು ಭಾಷಾ ಇತಿಹಾಸಕಾರರಲ್ಲಿ ಹೆಚ್ಚಿನವರು ಒಪ್ಪುವ ವಿವರಣೆ. ಹಾಗಾಗಿ ‘ದಟ್’ ಆಚೆ ಬರುವುದು ರಾಮು ಆಡಿದ ಮಾತಲ್ಲ, ಅವನು ಹೇಳಿದ ಸಂಗತಿ. ಸಂಗತಿಯನ್ನು ಹೇಳುತ್ತಿರುವವರು ಈಗ ನಾವು. ಅಲ್ಲಿ ‘ಐ’ ಎಂದರೆ ವಾಕ್ಯ ಬರೆದವರೇ, ಬೇರೆ ಯಾರೂ ಅಲ್ಲ.

ಇದನ್ನು ಮಗುವಿಗೆ ಬಿಡಿಸಿ ಹೇಳಿದರೆ ‘ಫಸ್ಟ್ ಪರ್ಸನ್ ಚೇಂಜಸ್ ಇಂಟು ಥರ್ಡ್ ಪರ್ಸನ್’ ಎಂಬ ಕೋಷ್ಟಕವನ್ನು ಉರು ಹೊಡೆಯಬೇಕಾಗಿಲ್ಲ. ಆ ಕೋಷ್ಟಕ ಎಷ್ಟೋ ಸಲ ಸುಳ್ಳನ್ನೂ ಹೇಳುತ್ತದೆ. ರಾಮು ನನ್ನ ಬಳಿಯೇ ‘ನೀನು ಚೆನ್ನಾಗಿ ಬರೆದಿದ್ದೀಯ’ ಎಂದಿದ್ದರೆ, ನಾನು ವರದಿ ಮಾಡುವಾಗ ‘ಯು’ ಎಂಬುದು ‘ಐ’ ಆಗಬೇಕು. ಮಗು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈಗ ಮಾತಾಡುತ್ತಿರುವವರು ಯಾರು, ಕೇಳುತ್ತಿರುವವರು ಯಾರು? ನಮ್ಮ ಡಿ. ಎನ್. ಶಂಕರ ಭಟ್ಟರು 2004ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂದ ‘ಪ್ರೊನೌನ್ಸ್’ ಪುಸ್ತಕದಲ್ಲಿ ‘ನಾನು, ನೀನು’ಗಳನ್ನು ಒಂದು ಬಗೆಯೆಂದೂ ‘ಅದು, ಯಾವುದು, ಯಾರು’ಗಳನ್ನು ಇನ್ನೊಂದು ಬಗೆಯೆಂದೂ ಬೇರ್ಪಡಿಸಿದರು. ಮೊದಲ ಬಗೆಯವು ಹೆಸರಿನ ಬದಲಿಗೆ ಬರುವ ಪದಗಳೇ ಅಲ್ಲ, ಮಾತಿನಲ್ಲಿ ಯಾರ ಪಾತ್ರವೇನು ಎಂದು ತಿಳಿಸುವ ಪದಗಳು. ಜಗತ್ತಿನ ನೂರಾರು ಭಾಷೆಗಳನ್ನು ಮುಂದಿಟ್ಟುಕೊಂಡು ಕನ್ನಡದ ವಿದ್ವಾಂಸರೊಬ್ಬರು ಕಂಡುಕೊಂಡ ಈ ವಿಚಾರ ನಮ್ಮ ಎಂಟನೇ ತರಗತಿಯ ಬೋರ್ಡಿನ ಮೇಲೆ ಬರಬೇಕು ಎಂಬುದು ನನ್ನ ಆಸೆ.

ಇಲ್ಲೇ ಇನ್ನೊಂದು ಮಾತು. ಈ ಜಾಗದಲ್ಲಿ ಇಂಗ್ಲಿಷಿಗಿಂತ ಕನ್ನಡ ಸ್ಪಷ್ಟ. ಅದನ್ನು ಮಕ್ಕಳ ಮುಂದೆ ಹೇಳಲೇಬೇಕು. ರಾಮು ಸೋಮುವಿಗೆ ಯಾರೋ ಫೇಲಾದ ಸುದ್ದಿ ಹೇಳಿದ ಎಂದುಕೊಳ್ಳಿ. ‘ತಾನು ಫೇಲಾಗಿದ್ದೇನೆ ಎಂದ’ ಅಂದರೆ ಫೇಲಾದವನು ರಾಮು. ‘ನೀನು ಫೇಲಾಗಿದ್ದೀಯ ಎಂದ’ ಅಂದರೆ ಸೋಮು. ‘ಅವನು ಫೇಲಾಗಿದ್ದಾನೆ ಎಂದ’ ಅಂದರೆ ಮೂರನೆಯ ಯಾವನೋ. ಇಂಗ್ಲಿಷಿನಲ್ಲಿ ಈ ಮೂರಕ್ಕೂ ಸಿಗುವುದು ಒಂದೇ ವಾಕ್ಯ: ‘ರಾಮು ಟೋಲ್ಡ್ ಸೋಮು ದಟ್ ಹೀ ಹ್ಯಾಡ್ ಫೇಲ್ಡ್.’ ಆ ‘ಹೀ’ ಯಾರು ಎಂಬುದನ್ನು ಸಂದರ್ಭದಿಂದ ಊಹಿಸಬೇಕು, ಇಲ್ಲವೆ ವಾಕ್ಯವನ್ನೇ ಮುರಿದು ಕಟ್ಟಬೇಕು. ನಮ್ಮ ‘ತಾನು’ ಮಾಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬೇರೆ ಸರ್ವನಾಮವಿಲ್ಲ. ‘ಹಿಮ್‌ಸೆಲ್ಫ್’ ಇದೆಯಾದರೂ ಅಧೀನ ವಾಕ್ಯದ ಕರ್ತೃವಾಗಿ ಅದು ಒಂಟಿಯಾಗಿ ನಿಲ್ಲಲಾರದು. ತನ್ನ ಭಾಷೆಯಲ್ಲಿ ಕೊರತೆಯಿದೆ ಎಂಬ ಅಳುಕು ತುಂಬಿಕೊಂಡೇ ನಮ್ಮ ಮಕ್ಕಳು ಇಂಗ್ಲಿಷ್ ಪೀರಿಯಡ್ಡಿಗೆ ಕೂರುತ್ತಾರೆ. ಮೂರು ಕನ್ನಡ ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆದು ಅವು ಇಂಗ್ಲಿಷಿಗೆ ಹೋದಾಗ ಒಂದೇ ಆಗುವುದನ್ನು ತೋರಿಸಿದರೆ ಆ ಅಳುಕು ಸ್ವಲ್ಪವಾದರೂ ಕರಗುತ್ತದೆ. ಇಂಗ್ಲಿಷಿನಲ್ಲಿ ಎಚ್ಚರ ಎಲ್ಲಿ ಬೇಕು ಎಂಬುದೂ ಆಗಲೇ ಹೊಳೆಯುತ್ತದೆ.

ಇನ್ನು ‘ಹೂ’, ‘ವಿಚ್’ಗಳ ವಿಚಾರ. ನಾವೆಲ್ಲ ಕಲಿತಿದ್ದು ‘ಜಾಯಿನ್ ದ ಫಾಲೋಯಿಂಗ್ ಸೆಂಟೆನ್ಸಸ್’ ಎಂಬ ಅಭ್ಯಾಸದಿಂದ. ನಾನು ಒಬ್ಬ ಹುಡುಗನನ್ನು ನೋಡಿದೆ; ಅವನು ಅಳುತ್ತಿದ್ದ; ಎರಡನ್ನೂ ‘ಹೂ’ ಹಾಕಿ ಸೇರಿಸು. ಈ ಅಭ್ಯಾಸ ಉತ್ತರ ತರಿಸುತ್ತದೆ, ತಿಳಿವಳಿಕೆ ತರುವುದಿಲ್ಲ. ‘ಹೂ’ ಬಂದಾಗ ‘ಅವನು’ ಎಲ್ಲಿ ಹೋದ ಎಂದು ಮಗು ಕೇಳುವುದೇ ಇಲ್ಲ. ಕೇಳದ ಕಾರಣಕ್ಕೇ ಮುಂದೆ ‘ಹೂ ಐ ಸಾ ಹಿಮ್’ ಎಂದು ಬರೆಯುತ್ತದೆ. ‘ಹೂ’ ಬರೀ ಸೇರಿಸುವ ಪದ ಎಂದು ಅದು ನಂಬಿದೆ. ಸರ್ವನಾಮವನ್ನು ಬೇರೆಯಾಗಿ ಹಾಕಲೇಬೇಕಲ್ಲ?

ಕನ್ನಡದಲ್ಲಿ ಈ ಕೆಲಸ ಮಾಡುವುದು ಕೃದಂತ. ‘ನಿನ್ನೆ ಬಂದ ಹುಡುಗ’, ‘ನಾನು ನೋಡಿದ ಹುಡುಗ’. ದ್ರಾವಿಡ ಭಾಷೆಗಳಲ್ಲಿ ಸಂಬಂಧ ಸೂಚಿಸುವ ಸರ್ವನಾಮದ ಬದಲು ಕೃದಂತವಿದೆ ಎಂಬುದನ್ನು 1856ರಷ್ಟು ಹಿಂದೆಯೇ ಕಾಲ್ಡ್‌ವೆಲ್ ತನ್ನ ತೌಲನಿಕ ವ್ಯಾಕರಣದಲ್ಲಿ ಎತ್ತಿ ತೋರಿಸಿದ್ದ. ಸೇರಿಸುವ ಕೆಲಸವನ್ನು ಕ್ರಿಯಾಪದದ ತುದಿಯ ‘ಅ’ ಮಾಡುತ್ತದೆ, ಸರ್ವನಾಮ ಬರುವುದೇ ಇಲ್ಲ. ಆದರೆ ನಮ್ಮಲ್ಲೇ ಇನ್ನೊಂದು ರಚನೆಯೂ ಉಂಟು: ‘ಯಾರು ಓದುತ್ತಾರೋ ಅವರು ಪಾಸಾಗುತ್ತಾರೆ.’ ಇದನ್ನು ದಯವಿಟ್ಟು ನಿಧಾನವಾಗಿ ನೋಡಿ. ‘ಯಾರು’ ಸರ್ವನಾಮ, ಒಳವಾಕ್ಯದ ಕರ್ತೃ. ‘ಓದುತ್ತಾರೋ’ ಎಂಬುದರ ತುದಿಯ ‘ಓ’ ಜೋಡಿಸುವ ಪ್ರತ್ಯಯ. ‘ಅವರು’ ಹೊರವಾಕ್ಯದ ಸರ್ವನಾಮ. ಇಂಗ್ಲಿಷ್ ಯಾವುದನ್ನು ಒಂದೇ ಪದದಲ್ಲಿ ಬೆಸೆದುಬಿಟ್ಟಿದೆಯೋ ಅದನ್ನು ಕನ್ನಡ ಬಿಡಿಬಿಡಿಯಾಗಿ ಹರಡಿ ಇಟ್ಟಿದೆ. ‘ಯಾರು’ ಮತ್ತು ‘ಓ’ ಸೇರಿದರೆ ‘ಹೂ’. ಅದರೊಳಗೆ ‘ಅವರು’ ಕೂಡ ಕರಗಿದರೆ ‘ಹೂಎವರ್’. ಗಮನಿಸಿ, ಈ ಹಿಂದಿನ ವಾಕ್ಯವೊಂದರಲ್ಲಿ ನಾನೂ ‘ಯಾವುದನ್ನು… ಅದನ್ನು’ ಎಂದು ಅದೇ ರಚನೆಯನ್ನು ಬಳಸಿದೆ. ಇದು ಪುಸ್ತಕದ ಕನ್ನಡವಲ್ಲ. ಗಾದೆಗಳಲ್ಲಿ, ಅಜ್ಜಿಯ ಬುದ್ಧಿಮಾತಿನಲ್ಲಿ ದಿನಾ ಕೇಳುವಂಥದ್ದು.

‘ಹೂ’ ಎರಡು ಕೆಲಸದ ಪದ ಎಂದು ಮಗು ಹೀಗೆ ಕಂಡುಕೊಂಡರೆ ‘ಹಿಮ್’ ತಾನಾಗಿಯೇ ಉದುರುತ್ತದೆ. ಸರ್ವನಾಮ ಈಗಾಗಲೇ ಮುಂದೆ ಬಂದು ಕೂತಿದೆ, ಎರಡನೆಯದಕ್ಕೆ ಜಾಗವಿಲ್ಲ.

‘ದ ಹೌಸ್ ವಿಚ್ ಐ ಲಿವ್’ ಎಂಬ ತಪ್ಪಿಗೂ ಕನ್ನಡದಲ್ಲೇ ಕಾರಣವಿದೆ, ಅದೂ ಬಹಳ ಚಂದದ ಕಾರಣ. ನಾನು ಹುಟ್ಟಿದ ಮನೆ, ನಾನು ಕೂತ ಕುರ್ಚಿ, ನಾನು ಬರೆದ ಪೆನ್ನು, ನಾನು ಬಂದ ಬಸ್ಸು, ನಾನು ಬಂದ ದಿನ, ನಾನು ಬಂದ ಕಾರಣ. ಮನೆಯಲ್ಲಿ, ಕುರ್ಚಿಯ ಮೇಲೆ, ಪೆನ್ನಿನಿಂದ ಎಂಬ ವಿಭಕ್ತಿಯೆಲ್ಲ ಕೃದಂತದೊಳಗೆ ಮಾಯವಾಗಿದೆ. ಕೇಳಿದವರು ಲೋಕಜ್ಞಾನದಿಂದ ತುಂಬಿಕೊಳ್ಳುತ್ತಾರೆ; ಪೆನ್ನಿನ ಮೇಲೆ ಯಾರೂ ಕೂರುವುದಿಲ್ಲ, ಕುರ್ಚಿಯಿಂದ ಯಾರೂ ಬರೆಯುವುದಿಲ್ಲ. ಇಂಗ್ಲಿಷ್ ಹಾಗೆ ಮಾಯವಾಗಲು ಬಿಡುವುದಿಲ್ಲ. ಸರ್ವನಾಮ ಅಲ್ಲಿ ಹಾಜರಿದೆಯಲ್ಲ, ಅದರ ಇನ್, ಆನ್, ವಿತ್‌ಗಳೂ ಹಾಜರಿರಬೇಕು. ‘ದ ಹೌಸ್ ಇನ್ ವಿಚ್ ಐ ಲಿವ್’ ಎನ್ನಬಹುದು, ‘ದ ಹೌಸ್ ವಿಚ್ ಐ ಲಿವ್ ಇನ್’ ಎನ್ನಬಹುದು. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದೆಂದು ಹೇಳಿಕೊಡುವುದನ್ನು ದಯವಿಟ್ಟು ಬಿಡಿ. 1672ರಲ್ಲಿ ಜಾನ್ ಡ್ರೈಡನ್ ತನ್ನ ಹಿಂದಿನ ತಲೆಮಾರಿನ ಬೆನ್ ಜಾನ್ಸನ್ನನ ಬರಹದಲ್ಲಿ ಅದನ್ನು ತಪ್ಪೆಂದು ಎತ್ತಿ ತೋರಿಸಿದ್ದ. ಇಂಗ್ಲಿಷ್ ಆಡುವ ಜನ ಅದಕ್ಕೆ ಮುಂಚೆಯೂ ಹಾಗೆ ಆಡುತ್ತಿದ್ದರು, ಆಮೇಲೂ ಆಡುತ್ತಿದ್ದಾರೆ. ನಮ್ಮ ಮಕ್ಕಳಿಗೆ ಕೊನೆಯಲ್ಲಿ ‘ಇನ್’ ಇಡುವುದೇ ಸುಲಭ, ಅದೇ ಸಹಜ ಇಂಗ್ಲಿಷ್ ಕೂಡ.

ಈಗ ‘ದಟ್’ ಮತ್ತೆ ಬರುತ್ತದೆ. ‘ದ ಹೌಸ್ ದಟ್ ಐ ಲಿವ್ ಇನ್’ ಸರಿ. ‘ದ ಹೌಸ್ ಇನ್ ದಟ್ ಐ ಲಿವ್’ ತಪ್ಪು. ಯಾಕೆ ಎಂದು ಚುರುಕಿನ ಹುಡುಗಿಯೊಬ್ಬಳು ಎದ್ದು ಕೇಳಿದರೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ, ಏಕೆಂದರೆ ಅಲ್ಲಿ ‘ಹೂ, ವಿಚ್, ದಟ್’ ಮೂರನ್ನೂ ರಿಲೇಟಿವ್ ಪ್ರೊನೌನ್ ಎಂದು ಒಂದೇ ಸಾಲಿನಲ್ಲಿ ಬರೆದಿದೆ. ಡೆನ್ಮಾರ್ಕಿನ ವಿದ್ವಾಂಸ ಆಟೊ ಯೆಸ್ಪರ್ಸನ್ ಈ ‘ದಟ್’ ಸರ್ವನಾಮವೇ ಅಲ್ಲ, ಬರೀ ಜೋಡಿಸುವ ಅವ್ಯಯ ಎಂದು ವಾದಿಸಿದ್ದ. 2002ರಲ್ಲಿ ಬಂದ ಹಡಲ್‌ಸ್ಟನ್ ಮತ್ತು ಪುಲಮ್ ಅವರ ಕೇಂಬ್ರಿಜ್ ವ್ಯಾಕರಣವೂ ಅದನ್ನೇ ಹಿಡಿಯಿತು. ಕಾರಣಗಳು ಕಣ್ಣೆದುರಿಗೇ ಇವೆ. ‘ಹೂ’ಗೆ ‘ಹೂಸ್’ ಇದೆ, ‘ಹೂಮ್’ ಇದೆ. ‘ದಟ್’ಗೆ ಬೇರೆ ರೂಪವಿಲ್ಲ. ಮನುಷ್ಯರಿಗೆ ‘ಹೂ’, ವಸ್ತುವಿಗೆ ‘ವಿಚ್’. ‘ದಟ್’ಗೆ ಆ ಭೇದವಿಲ್ಲ. ಪ್ರಿಪೊಸಿಷನ್ ಸರ್ವನಾಮದ ಹಿಂದೆ ನಿಲ್ಲಬಲ್ಲದು, ಬರೀ ಜೋಡಿಸುವ ಪದದ ಹಿಂದೆ ಹೇಗೆ ನಿಂತೀತು? ‘ದಟ್’ ನಮ್ಮ ‘ಎಂದು’ವಿನ ಸ್ಥಾನದ್ದು. ರಾಮು ಹೇಳಿದ ‘ದಟ್’ ಮತ್ತು ಮನೆಯ ‘ದಟ್’ ಎರಡೂ ಒಂದೇ ಎಂದು ಹೇಳಿಕೊಟ್ಟರೆ ಮಗುವಿನ ತಲೆಯ ಮೇಲಿನ ಹೊರೆ ಅರ್ಧವಾಗುತ್ತದೆ. ಪರೀಕ್ಷೆಯಲ್ಲಿ ‘ರಿಲೇಟಿವ್ ಪ್ರೊನೌನ್ ಗುರುತಿಸಿ’ ಎಂದು ಕೇಳಿದರೆ ಪುಸ್ತಕದ ಉತ್ತರವನ್ನೇ ಬರೆಯಲಿ. ಅರ್ಥ ಮಾಡಿಕೊಳ್ಳುವುದಕ್ಕೆ ಅದು ಅಡ್ಡಿಯಾಗಬೇಕಿಲ್ಲ.

ಇಂಗ್ಲಿಷ್ ಕೂಡ ಒಂದು ಕಾಲದಲ್ಲಿ ಸರ್ವನಾಮವನ್ನೂ ಜೋಡಿಸುವ ಪದವನ್ನೂ ಬೇರೆಬೇರೆಯಾಗಿ ಇಡುತ್ತಿತ್ತು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಥೆ’ ಎಂಬ ರೂಪ ಬದಲಿಸದ ಅವ್ಯಯವೊಂದಿತ್ತು. ‘ಅವನು’ ಎಂಬರ್ಥದ ‘ಸೇ’ಯೊಂದಿಗೆ ಅದನ್ನು ಸೇರಿಸಿ ‘ಸೇ ಥೆ’ ಎಂದರೆ ‘ಯಾವನೋ ಅವನು’ ಎಂಬಂತೆ ಕೆಲಸ ಮಾಡುತ್ತಿತ್ತು. ಪ್ರಶ್ನೆ ಕೇಳುವ ‘ಹೂ’, ‘ವಿಚ್’ಗಳು ಈ ಕೆಲಸಕ್ಕೆ ಬಂದಿದ್ದು ಆಮೇಲೆ. ಹದಿನಾಲ್ಕನೇ ಶತಮಾನದ ಚಾಸರ್ ಕಾಲದಲ್ಲಿ ‘ವಿಚ್ ದಟ್’, ‘ವೆನ್ ದಟ್’, ‘ಇಫ್ ದಟ್’ ಎಂದು ಎರಡನ್ನೂ ಒಟ್ಟಿಗೆ ಬಳಸುತ್ತಿದ್ದರು. ಶೇಕ್ಸ್‌ಪಿಯರನಲ್ಲೂ ಇದು ಸಿಗುತ್ತದೆ. ಇಂದಿನ ಶಿಷ್ಟ ಇಂಗ್ಲಿಷ್ ಎರಡನ್ನು ಒಟ್ಟಿಗೆ ಸಹಿಸುವುದಿಲ್ಲ. 1977ರಲ್ಲಿ ಭಾಷಾಶಾಸ್ತ್ರಜ್ಞರಾದ ಚಾಮ್‌ಸ್ಕಿ ಮತ್ತು ಲ್ಯಾಸ್ನಿಕ್ ಅದನ್ನು ಒಂದು ನಿಯಮವಾಗಿಯೇ ಬರೆದಿಟ್ಟರು. ‘ದ ಮ್ಯಾನ್ ಹೂ ದಟ್ ಕೇಮ್’ ಎಂದು ಬರೆದ ಹುಡುಗನ ತಪ್ಪನ್ನು ತಿದ್ದಿ, ಆದರೆ ಅವನನ್ನು ದಡ್ಡ ಎನ್ನಬೇಡಿ. ಜೋಡಿಸುವುದಕ್ಕೆ ಒಂದು, ನಿಲ್ಲುವುದಕ್ಕೆ ಒಂದು ಎಂದು ಅವನ ಮನಸ್ಸು ಲೆಕ್ಕ ಹಾಕಿದೆ. ಇಂಗ್ಲಿಷ್ ಆಡುವ ಜನರೇ ಶತಮಾನಗಳ ಕಾಲ ಹಾಗೆ ಲೆಕ್ಕ ಹಾಕಿದ್ದರು.

ನನಗೆ ಅತ್ಯಂತ ಪ್ರಿಯವಾದ ಜಾಗ ‘ಬಂದವರು’. ‘ಬಂದ’ ಮತ್ತು ‘ಅವರು’ ಸೇರಿ ‘ಬಂದವರು’. ‘ಹೇಳಿದ’ ಮತ್ತು ‘ಅದು’ ಸೇರಿ ‘ಹೇಳಿದ್ದು’. ಇಲ್ಲಿ ಕನ್ನಡವೂ ಬೆಸೆಯುತ್ತದೆ, ಇಂಗ್ಲಿಷಿಗಿಂತ ಗಟ್ಟಿಯಾಗಿ ಬೆಸೆಯುತ್ತದೆ. ‘ವಾಟ್ ಹೀ ಸೆಡ್’ ಎಂಬುದನ್ನು ‘ಅವನು ಏನು ಹೇಳಿದನೋ ಅದು’ ಎಂದು ಎಳೆದಾಡುವ ಬದಲು ‘ಅವನು ಹೇಳಿದ್ದು’ ಎಂದುಬಿಟ್ಟರೆ ಮಗುವಿಗೆ ತಟ್ಟನೆ ಹೊಳೆಯುತ್ತದೆ. ಆದರೆ ಒಂದು ವ್ಯತ್ಯಾಸ ಇದೆ, ಇಂಗ್ಲಿಷ್ ತಾಯ್ನುಡಿಯವರೂ ಜಾರುವ ಜಾಗ ಅದು. ‘ಬಂದವರಿಗೆ ಕೊಡು’ ಎನ್ನುತ್ತೇವೆ. ಅವರು ಬರುವ ಕೆಲಸದ ಕರ್ತೃಗಳು, ಕೊಡುವ ಕೆಲಸದಲ್ಲಿ ಪಡೆಯುವವರು. ಕನ್ನಡದ ವಿಭಕ್ತಿ ಹೊರಗಿನ ಕೆಲಸವನ್ನು ನೋಡಿ ‘ಇಗೆ’ ಹಚ್ಚಿಕೊಂಡಿತು. ಇಂಗ್ಲಿಷ್ ಒಳಗಿನ ಕೆಲಸವನ್ನು ನೋಡುತ್ತದೆ. ‘ಗಿವ್ ಇಟ್ ಟು ಹೂಎವರ್ ಕಮ್ಸ್’ ಎಂಬುದೇ ಸರಿ. ‘ಟು’ ಪಕ್ಕದಲ್ಲೇ ಇದೆ ಎಂಬ ಕಾರಣಕ್ಕೆ ‘ಹೂಮ್‌ಎವರ್ ಕಮ್ಸ್’ ಎಂದು ಬರೆದರೆ ತಪ್ಪು. ಇಂಗ್ಲಿಷ್ ಪತ್ರಿಕೆಗಳಲ್ಲೂ ಈ ತಪ್ಪು ಕಾಣಿಸುತ್ತದೆ. ‘ಒಳಗೆ ನೋಡು’ ಎಂಬ ಎರಡು ಪದದ ಸೂತ್ರ ಸಾಕು: ‘ಹೂ’ ಹಾಕಲೋ ‘ಹೂಮ್’ ಹಾಕಲೋ ಎಂದು ಅನುಮಾನ ಬಂದಾಗ, ಅಧೀನ ವಾಕ್ಯವನ್ನು ಮಾತ್ರ ಬೇರ್ಪಡಿಸಿಕೊಂಡು ಅದರೊಳಗೆ ಆ ವ್ಯಕ್ತಿ ಮಾಡುವವನೋ, ಮಾಡಿಸಿಕೊಳ್ಳುವವನೋ ಎಂದು ಕೇಳುವುದು. ‘ಹೂಮ್’ ಹೇಗೂ ಮಾತಿನಿಂದ ಮರೆಯಾಗುತ್ತಿದೆ. ಪ್ರಿಪೊಸಿಷನ್ನಿಗೆ ನೇರವಾಗಿ ಅಂಟಿ ಬರುವಾಗ ಬಿಟ್ಟರೆ ಉಳಿದೆಡೆ ‘ಹೂ’ ಬರೆದ ಮಗುವಿನ ಅಂಕ ಕಡಿಯಬಾರದು ಎಂಬುದು ನನ್ನ ಕಳಕಳಿಯ ಕೋರಿಕೆ.

‘ವೆನ್’, ‘ಬಿಕಾಸ್’, ‘ಆಲ್ದೋ’ಗಳಲ್ಲಿ ಬೆಸುಗೆ ಇಲ್ಲ, ಕಂಜಂಕ್ಷನ್ ಒಂದು ಕಡೆ, ಸರ್ವನಾಮ ಒಂದು ಕಡೆ. ಆದರೂ ಸಂಬಂಧ ಕಡಿದಿಲ್ಲ. ‘ಮನೆಗೆ ಬಂದಾಗ ರವಿ ಸುಸ್ತಾಗಿದ್ದ’ ಎಂಬಲ್ಲಿ ಬಂದವನು ಯಾರೆಂದು ಹೇಳುವ ಅಗತ್ಯ ಕನ್ನಡಕ್ಕಿಲ್ಲ. ಇಂಗ್ಲಿಷಿಗೆ ಇದೆ: ‘ವೆನ್ ಹೀ ಕೇಮ್ ಹೋಮ್, ರವಿ ವಾಸ್ ಟೈಯರ್ಡ್.’ ಮಕ್ಕಳು ‘ವೆನ್ ಕೇಮ್ ಹೋಮ್’ ಎಂದು ಬರೆಯುವುದು ಇದೇ ಕಾರಣಕ್ಕೆ. ಅವರಿಗೆ ಇನ್ನೊಂದು ಗೊಂದಲವೂ ಇದೆ, ಹೆಸರು ಬರುವ ಮುಂಚೆಯೇ ‘ಹೀ’ ಹೇಗೆ ಬಂದ ಎಂದು. ಅದಕ್ಕೆ ಅವಕಾಶ ಕೊಡುವುದೇ ‘ವೆನ್’. ಅಧೀನ ವಾಕ್ಯದೊಳಗಿರುವ ‘ಹೀ’ ಮುಂದೆ ಬರುವ ಹೆಸರಿಗೆ ಕಾಯಬಲ್ಲದು. ಅದನ್ನೇ ತಿರುಗಿಸಿ ‘ಹೀ ವಾಸ್ ಟೈಯರ್ಡ್ ವೆನ್ ರವಿ ಕೇಮ್ ಹೋಮ್’ ಎಂದರೆ ಸುಸ್ತಾದವನು ರವಿಯಲ್ಲ, ಬೇರೊಬ್ಬ. ಪದಗಳು ಅವೇ, ‘ಹೀ’ ಪ್ರಧಾನ ವಾಕ್ಯಕ್ಕೆ ದಾಟಿದ್ದಷ್ಟೇ ವ್ಯತ್ಯಾಸ. 1969ರಲ್ಲಿ ರೊನಾಲ್ಡ್ ಲ್ಯಾಂಗಕರ್ ಈ ವಿಚಾರದ ಮೇಲೆ ಬರೆದ ಲೇಖನ ಭಾಷಾಶಾಸ್ತ್ರದಲ್ಲಿ ದೊಡ್ಡ ಚರ್ಚೆಯನ್ನೇ ತೆರೆಯಿತು. ನಮ್ಮ ತರಗತಿಗೆ ಆ ಚರ್ಚೆ ಬೇಡ, ಈ ಎರಡು ವಾಕ್ಯಗಳು ಸಾಕು. ಓದಿ ಹೇಳಿ, ಸುಸ್ತಾದವನು ಯಾರು ಎಂದು ಕೇಳಿ. ಹಿಂದಿನ ಬೆಂಚಿನವರೂ ಕೈ ಎತ್ತುತ್ತಾರೆ.

‘ದೋ ಹೀ ಈಸ್ ಪೂರ್, ಬಟ್ ಹೀ ಈಸ್ ಆನೆಸ್ಟ್’ ಎಂಬ ತಪ್ಪನ್ನು ಇಲ್ಲಿ ಬೆಳೆಸುವುದಿಲ್ಲ. ಒಂದು ಸಂದಿಗೆ ಒಂದೇ ಕೊಂಡಿ ಎಂದು ಹೇಳಿ ‘ಬಡವನಾದರೂ ಪ್ರಾಮಾಣಿಕ’ ಎಂಬುದನ್ನು ತೋರಿಸಿದರೆ ಸಾಕು. ಅಲ್ಲೂ ‘ಆದರೂ’ ಬಂದ ಮೇಲೆ ‘ಆದರೆ’ ಬರುವುದಿಲ್ಲ.

ಕೊನೆಯದಾಗಿ ‘ದ್ಯಾನ್’. ‘ಷೀ ಈಸ್ ಟಾಲರ್ ದ್ಯಾನ್ ಮೀ’ ಎಂದು ಬರೆದ ಮಕ್ಕಳ ಅಂಕವನ್ನು ನಮ್ಮ ರಾಜ್ಯದಲ್ಲಿ ತಲೆಮಾರುಗಳಿಂದ ಕಡಿಯುತ್ತ ಬಂದಿದ್ದೇವೆ. ‘ದ್ಯಾನ್ ಐ’ ಆಗಬೇಕಂತೆ. ಈ ಹಟಕ್ಕೆ ಬಲ ತುಂಬಿದವನು ಬಿಷಪ್ ರಾಬರ್ಟ್ ಲೌತ್, 1762ರ ತನ್ನ ವ್ಯಾಕರಣದಲ್ಲಿ. ‘ದ್ಯಾನ್’ ಆಚೆ ಅಡಗಿರುವ ಕ್ರಿಯಾಪದವನ್ನು ತುಂಬಿ ನೋಡಿ ಸರ್ವನಾಮದ ರೂಪ ನಿರ್ಧರಿಸಬೇಕು ಎಂಬುದು ಅವನ ವಾದ. ಅಂದರೆ ‘ದ್ಯಾನ್’ ಯಾವಾಗಲೂ ಕಂಜಂಕ್ಷನ್, ಅದರಾಚೆ ಒಂದು ಮೊಟಕಾದ ಅಧೀನ ವಾಕ್ಯ. ವಾದದಲ್ಲಿ ತಿರುಳಿದೆ. ‘ಷೀ ಲೈಕ್ಸ್ ಹಿಮ್ ಮೋರ್ ದ್ಯಾನ್ ಐ’ ಎಂದರೆ ನಾನು ಅವನನ್ನು ಅಷ್ಟು ಇಷ್ಟಪಡುವುದಿಲ್ಲ. ‘ದ್ಯಾನ್ ಮೀ’ ಎಂದರೆ ಅವಳು ನನ್ನನ್ನು ಅಷ್ಟು ಇಷ್ಟಪಡುವುದಿಲ್ಲ. ಅರ್ಥ ಬದಲಾಗುವ ಇಂಥ ಕಡೆ ಇದನ್ನು ಕಲಿಸಲೇಬೇಕು, ‘ದ್ಯಾನ್ ಐ ಡೂ’ ಎಂದು ಕ್ರಿಯಾಪದ ಸೇರಿಸಿ ಬರೆಯಲೂ ಕಲಿಸಬೇಕು. ಆದರೆ ಎತ್ತರದ ವಾಕ್ಯದಲ್ಲಿ ಎರಡರ್ಥವೇ ಇಲ್ಲ. ಅಲ್ಲಿ ‘ದ್ಯಾನ್’ ಪ್ರಿಪೊಸಿಷನ್ನಿನಂತೆ ನಡೆದುಕೊಳ್ಳುತ್ತದೆ, ‘ನನಗಿಂತ’ ಎಂಬುದರ ‘ಇಂತ’ದ ಹಾಗೆ. ಇಂದು ಇಂಗ್ಲಿಷ್ ಆಡುವ ಬಹುಪಾಲು ಜನ ‘ದ್ಯಾನ್ ಮೀ’ ಎಂದೇ ಆಡುತ್ತಾರೆ, ಒಳ್ಳೆಯ ಲೇಖಕರೂ ಬರೆಯುತ್ತಾರೆ.

ಈ ಸಲ ಮೌಲ್ಯಮಾಪನ ಕೇಂದ್ರಗಳಲ್ಲಿ ಕೂತಾಗ ಈ ‘ದ್ಯಾನ್ ಮೀ’ ಎದುರಾದರೆ ಪಕ್ಕದವರ ಜೊತೆ ಮಾತಾಡಿ. ಬ್ಲಾಕ್ ಮಟ್ಟದ ಇಂಗ್ಲಿಷ್ ಕಾರ್ಯಾಗಾರಗಳಲ್ಲಿ ಒಂದು ಅವಧಿಯನ್ನು ಕೃದಂತ, ‘ಎಂದು’ ಮತ್ತು ‘ತಾನು’ಗಳಿಗೆ ಇಡಿಸಿಕೊಳ್ಳಿ, ಕನ್ನಡ ಮೇಷ್ಟ್ರನ್ನೂ ಕರೆಯಿರಿ. ಮಿಶ್ರವಾಕ್ಯದ ಪಾಠವನ್ನು ಅವರು ಮಾಡುವ ವಾರದಲ್ಲೇ ನೀವು ಸಬಾರ್ಡಿನೇಟ್ ಕ್ಲಾಝ್ ಪಾಠ ತೆಗೆದುಕೊಂಡರೆ ಒಂದೇ ಬೋರ್ಡಿನ ಮೇಲೆ ಎರಡೂ ಭಾಷೆ ನಿಲ್ಲುತ್ತವೆ. ಹಾಗೆ ಮಾಡಿದವರು ಮಕ್ಕಳು ಬರೆದ ವಾಕ್ಯಗಳನ್ನು, ತಪ್ಪೂ ಸರಿಯೂ ಎರಡನ್ನೂ, ನಮ್ಮಂಥ ಕಾಲೇಜಿನವರ ಜೊತೆ ಹಂಚಿಕೊಳ್ಳಬೇಕು. ನಾವು ಎಲ್ಲಿಂದ ಮುಂದುವರಿಸಬೇಕೆಂದು ಆಗ ನಮಗೂ ತಿಳಿಯುತ್ತದೆ.

ಗೌರವದಿಂದ,
ನಿಮ್ಮ ಸಹೋದ್ಯೋಗಿ